ಕಟ್ಟಾಯದ ಸೀಮೆ: ಆಲೂಗೆಡ್ಡೆಗೆ ಬಂದ ಅಂಗಮಾರಿ ಮೀನಿಗೂ ಬಂದೀತು

ಹಾಸನ ಜಿಲ್ಲೆಗೆ ಎರಡು ಮುಖ. ಪಡುವಣಕ್ಕೆ ಮಳೆ, ಕಾಡು, ಕಾಫಿ. ಮೂಡಣಕ್ಕೆ ತೆಂಗು, ರಾಗಿ, ಬಯಲು. ಈ ಎರಡು ಮುಖಗಳೂ ಸಂಧಿಸುವ ಅರೆ ಮಲೆನಾಡಿನ ಸೀಮೆಯಲ್ಲಿದೆ ಕಟ್ಟಾಯ. ಹಾಸನ ತಾಲ್ಲೂಕಿನ ಹೋಬಳಿಗಳಲ್ಲಿ ಒಂದಾದ ಈ ಊರಿನ ಹೆಸರನ್ನು ಹೊರಗಿನವರು ಕೇಳಿರುವುದು ಹೆಚ್ಚಾಗಿ ಚುನಾವಣೆಯ ದಿನಗಳಲ್ಲಿ. ಸಕಲೇಶಪುರ ಮೀಸಲು ಕ್ಷೇತ್ರಕ್ಕೆ ಈ ಹೋಬಳಿಯೂ ಸೇರಿರುವುದರಿಂದ ‘ಸಕಲೇಶಪುರ–ಆಲೂರು–ಕಟ್ಟಾಯ’ ಎಂದು ಒಟ್ಟಾಗಿ ಹೇಳುವ ರೂಢಿ ಬಂದಿದೆ. ಉಳಿದ ದಿನಗಳಲ್ಲಿ ಪ್ರವಾಸಿಗರ ವಾಹನಗಳು ಬೇಲೂರು, ಹಳೇಬೀಡಿನ ದಾರಿ ಹಿಡಿಯುತ್ತವೆ. ಈ ಕಡೆಗೆ ತಿರುಗುವವರು ಗೊರೂರಿನ ಅಣೆಕಟ್ಟೆಯನ್ನೋ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯನ್ನೋ ನೋಡಿ ಹಿಂದಿರುಗುತ್ತಾರೆ.

ಆದರೆ ಈ ಸೀಮೆಯ ನಿಜವಾದ ಸೊಗಸು ಇರುವುದು ನೀರಿನಲ್ಲಿ. ಹಿರಿಯರು ಕಟ್ಟಿಸಿದ ಕೆರೆಕಟ್ಟೆಗಳು, ಇತ್ತೀಚಿನ ಕೃಷಿಹೊಂಡಗಳು, ಇವೆಲ್ಲಕ್ಕೂ ಮಿಗಿಲಾಗಿ ಹೇಮಾವತಿಯ ಹಿನ್ನೀರು. ನೀರಿದ್ದಲ್ಲಿ ಮೀನು, ಮೀನಿದ್ದಲ್ಲಿ ಮೀನು ಸಾಕುವವರು. ಹಸುವಿಗೆ ಜ್ವರ ಬಂದರೆ ಮೂಗು ಮುಟ್ಟಿ ನೋಡಬಹುದು, ಕೋಳಿಗೆ ರೋಗ ಬಂದರೆ ತೂಕಡಿಸುವುದು ಕಾಣುತ್ತದೆ. ನೀರೊಳಗಿನ ಮೀನಿಗೆ ಕಾಯಿಲೆ ಬಂದರೆ ತಿಳಿಯುವುದು ಹೇಗೆ? ತಿಳಿಯುವ ಹೊತ್ತಿಗೆ ವರ್ಷದ ದುಡಿಮೆ ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲುತ್ತಿರುತ್ತದೆ. ಆದ್ದರಿಂದಲೇ ಮೀನು ಸಾಕಣೆಯಲ್ಲಿ ಮದ್ದಿಗಿಂತ ಮುನ್ನೆಚ್ಚರಿಕೆಗೆ ಬೆಲೆ ಹೆಚ್ಚು.

ಹೊಳೆ ಕೆರೆಯಾದ ಬಗೆ

ಚಿಕ್ಕಮಗಳೂರು ಜಿಲ್ಲೆಯ ಬೆಟ್ಟಗಳಲ್ಲಿ ಹುಟ್ಟುವ ಹೇಮಾವತಿ ಸುಮಾರು 245 ಕಿಲೋಮೀಟರ್ ಹರಿದು ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುತ್ತದೆ. ಆ ನಡುವೆ ಗೊರೂರಿನಲ್ಲಿ ಅದಕ್ಕೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆ ಪೂರ್ಣವಾದದ್ದು 1979ರಲ್ಲಿ. ಕಟ್ಟೆಯ ಉದ್ದ 4692 ಮೀಟರ್, ಅಂದರೆ ನಾಲ್ಕೂವರೆ ಕಿಲೋಮೀಟರಿಗೂ ಮಿಕ್ಕು. ಪೂರ್ಣ ಮಟ್ಟ 2922 ಅಡಿ. ತುಂಬಿದಾಗ 37 ಟಿಎಂಸಿ ನೀರು ನಿಲ್ಲುತ್ತದೆ. ಲೇಖಕ ಗೊರೂರು ರಾಮಸ್ವಾಮಿ ಅಯ್ಯಂಗಾರರು (1904–1991) ಬಾಲ್ಯದಲ್ಲಿ ಕಂಡ ಹೊಳೆಗೂ ಇಂದಿನ ಈ ಜಲರಾಶಿಗೂ ಹೋಲಿಕೆಯೇ ಇಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಶೆಟ್ಟಿಹಳ್ಳಿಯ ಇಗರ್ಜಿ ಮಳೆಗಾಲದಲ್ಲಿ ಅರೆ ಮುಳುಗಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಒಣನೆಲದ ಮೇಲೆ ಬಯಲಾಗುತ್ತದೆ. ಅದರ ಗೋಡೆಯ ಮೇಲಿನ ನೀರಿನ ಗುರುತು ನೋಡಿದರೆ ಸಾಕು, ಹಿನ್ನೀರು ಎಷ್ಟು ಏರಿ ಎಷ್ಟು ಇಳಿಯುತ್ತದೆ ಎಂಬುದು ಮಕ್ಕಳಿಗೂ ಅರ್ಥವಾಗುತ್ತದೆ. ಜಲಾಶಯ ಬಂದ ಮೇಲೆ ಹರಿಯುವ ನೀರಿನ ಮೀನುಗಳ ಜೊತೆಗೆ ನಿಂತ ನೀರಿನಲ್ಲಿ ಬೆಳೆಯುವ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಗಳೂ ಇಲ್ಲಿನ ಬಲೆಗೆ ಬೀಳತೊಡಗಿದವು.

ಕಾಟ್ಲಾ, ರೋಹು, ಮೃಗಾಲ್‌ಗಳು ಮೂಲತಃ ಗಂಗೆಯ ಕಡೆಯವು. ಹರಿವ ಹೊಳೆಯಲ್ಲಿ ಪ್ರವಾಹ ಬಂದಾಗ ಮಾತ್ರ ಮೊಟ್ಟೆಯಿಡುವ ಈ ಮೀನುಗಳು ಕೆರೆಯಲ್ಲಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆ ಪಡೆದರು. ಅಂದಿನಿಂದ ಹೊಳೆಯಲ್ಲಿ ಮರಿ ಹುಡುಕುವ ಕಷ್ಟ ತಪ್ಪಿತು. ಜುಲೈ 10 ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿರುವುದು ಇದೇ ಕಾರಣಕ್ಕೆ. ಇಂದು ಮರಿಗಳು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ನೂರಾರು ಮೈಲಿ ಪ್ರಯಾಣ ಮಾಡಿ ಹಳ್ಳಿಯ ಕೆರೆಗೆ ಬರುತ್ತವೆ. ಆದರೆ ಒಂದು ಊರಿನ ಮರಿ ಇನ್ನೊಂದು ಊರಿಗೆ ಬರುವಾಗ ಆ ಊರಿನ ರೋಗವೂ ಜೊತೆಗೆ ಬರುವ ಹಾದಿ ತೆರೆಯಿತು.

ಹುಣ್ಣು ರೋಗ ಬಂದ ದಾರಿ

ಮೀನು ಸಾಕುವವರು ಮರೆಯದ ರೋಗವೊಂದಿದೆ. ಮೊದಲು ಮೀನಿನ ಮೈಮೇಲೆ ಕೆಂಪು ಚುಕ್ಕೆ. ಒಂದೆರಡು ದಿನಗಳಲ್ಲಿ ಹುರುಪೆ ಉದುರಿ ಅದು ಹುಣ್ಣಾಗುತ್ತದೆ. ಹುಣ್ಣು ಆಳವಾಗುತ್ತ ಮಾಂಸವನ್ನು ತಿಂದು ಕೆಲವೊಮ್ಮೆ ಮೂಳೆಯವರೆಗೆ ಹೋಗುತ್ತದೆ. ಇದನ್ನೇ ಸಾಂಕ್ರಾಮಿಕ ಹುಣ್ಣು ರೋಗ ಎನ್ನುವುದು.

1971ರಲ್ಲಿ ಜಪಾನಿನಲ್ಲಿ, 1972ರಲ್ಲಿ ಆಸ್ಟ್ರೇಲಿಯಾದಲ್ಲಿ ಕಂಡ ಈ ರೋಗ ಆಗ್ನೇಯ ಏಷ್ಯಾದ ದೇಶಗಳನ್ನು ಹಾದು 1988ರಲ್ಲಿ ಬಾಂಗ್ಲಾದೇಶಕ್ಕೂ ನಮ್ಮ ಈಶಾನ್ಯ ರಾಜ್ಯಗಳಿಗೂ ಬಂತು. 1991ರಲ್ಲಿ ಕೇರಳದ ಕುಟ್ಟನಾಡಿನಲ್ಲಿ ಕಾಣಿಸಿಕೊಂಡಿತು. ತೊಂಬತ್ತರ ದಶಕದ ಆರಂಭದಲ್ಲೇ ಕರ್ನಾಟಕದ ಸಿಹಿನೀರು ಮತ್ತು ಚೌಳುನೀರಿನ ಮೀನುಗಳಲ್ಲೂ ಹರಡಿತು. ರಾಜ್ಯದಲ್ಲಿ ಅದು ಹರಡಿದ ಬಗೆಯನ್ನು ಮಂಗಳೂರಿನ ಮೀನುಗಾರಿಕೆ ಕಾಲೇಜಿನ ತಜ್ಞರು ಅಧ್ಯಯನ ಮಾಡಿ 1994ರಲ್ಲಿ ಪ್ರಕಟಿಸಿದರು. ಗದ್ದೆ, ಹಳ್ಳ, ಕೆರೆಗಳ ಕೊರವ ಮೀನು ಮತ್ತು ಸಣ್ಣ ಪಕ್ಕೆ ಮೀನುಗಳಂಥ ನಾಡ ಜಾತಿಗಳು ಈ ರೋಗಕ್ಕೆ ಬೇಗ ತುತ್ತಾಗುತ್ತವೆ.

ರೋಗ ಬಂದ ಕಡೆಗಳಲ್ಲಿ ಮೀನು ಸತ್ತ ನಷ್ಟ ಒಂದಾದರೆ, ಹುಣ್ಣು ಕಂಡು ಹೆದರಿದ ಜನ ಚೆನ್ನಾಗಿದ್ದ ಮೀನನ್ನೂ ಕೊಳ್ಳದೆ ಹೋದ ನಷ್ಟ ಇನ್ನೊಂದು. ಈ ರೋಗ ಮನುಷ್ಯರಿಗೆ ತಗಲುವುದಿಲ್ಲ. ಹುಣ್ಣಾದ ಮೀನನ್ನು ಮಾರಬಾರದು, ತಿನ್ನಬಾರದು ಎಂಬುದು ಸರಿ. ಅದಕ್ಕಾಗಿ ಆರೋಗ್ಯವಂತ ಮೀನನ್ನು ದೂರ ಮಾಡಬೇಕಾಗಿಲ್ಲ.

ಒಂದೇ ವಂಶದ ಶತ್ರುಗಳು

ಹಾಸನದ ರೈತನಿಗೆ ಈ ರೋಗದ ಗುಣ ಹೇಳಿಕೊಡಬೇಕಾಗಿಲ್ಲ, ಅವನಿಗೆ ಅದು ಇನ್ನೊಂದು ವೇಷದಲ್ಲಿ ಆಗಲೇ ಗೊತ್ತು. ಮೇ ತಿಂಗಳ ಮಳೆಗೆ ಆಲೂಗೆಡ್ಡೆ ಬಿತ್ತುವ ಸೀಮೆ ಇದು. ಜುಲೈ ತಿಂಗಳಲ್ಲಿ ನಾಲ್ಕು ದಿನ ಮೋಡ ಮುಚ್ಚಿ, ಜಡಿಮಳೆ ಹಿಡಿದು, ತಂಪು ಕುಳಿತರೆ ಬೆಳೆಗಾರನಿಗೆ ರಾತ್ರಿ ನಿದ್ದೆ ಇಲ್ಲ. ಹಸಿರಾಗಿದ್ದ ಹೊಲ ವಾರದೊಳಗೆ ಸುಟ್ಟಂತಾಗುತ್ತದೆ. ಅದೇ ಅಂಗಮಾರಿ. 1845ರಿಂದ ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ಕ್ಷಾಮದ ಮೂಲವೂ ಇದೇ ರೋಗ.

ಅಂಗಮಾರಿಯನ್ನು ತರುವುದು ಫೈಟಾಫ್ತೊರ ಎಂಬ ಜೀವಿ. ಮೀನಿನ ಹುಣ್ಣು ರೋಗವನ್ನು ತರುವುದು ಅಫನೊಮೈಸಿಸ್ ಇನ್ವಾಡನ್ಸ್ ಎಂಬ ಜೀವಿ. ಎರಡೂ ಒಂದೇ ಗುಂಪಿಗೆ ಸೇರಿದವು. ಇವನ್ನು ನೀರು ಬೂಷ್ಟು ಎನ್ನಬಹುದು. ನೋಡಲು ಬೂಷ್ಟಿನಂತೆ ಎಳೆಎಳೆಯಾಗಿದ್ದರೂ ಇವು ನಿಜವಾದ ಶಿಲೀಂಧ್ರಗಳಲ್ಲ, ಸಮುದ್ರದ ಕಂದು ಪಾಚಿಗೆ ಹತ್ತಿರದ ನೆಂಟರು ಎಂದು ವಿಜ್ಞಾನಿಗಳು ತೋರಿಸಿದ್ದಾರೆ. ಇವುಗಳ ಬೀಜಾಣುವಿಗೆ ಸೂಕ್ಷ್ಮವಾದ ಬಾಲಗಳಿದ್ದು, ಅದು ನೀರಿನಲ್ಲಿ ಈಜಬಲ್ಲದು. ಎಲೆಯ ಮೇಲಿನ ಒಂದು ಹನಿ ನೀರು ಆಲೂಗೆಡ್ಡೆಯ ಶತ್ರುವಿಗೆ ಸಾಕು. ಮೀನಿನ ಶತ್ರುವಿಗೆ ಇಡೀ ಕೆರೆಯೇ ಇದೆ. ಶುಂಠಿಯ ಗೆಡ್ಡೆ ಕೊಳೆ, ಮೆಣಸಿನ ಬಳ್ಳಿಯ ಸೊರಗು, ಅಡಿಕೆಯ ಕೊಳೆರೋಗ ಇವೆಲ್ಲ ಇದೇ ವಂಶದ ಕರಾಮತ್ತು.

ಮಳೆ ಮತ್ತು ತಂಪು ಈ ವಂಶದ ಹಬ್ಬದ ದಿನಗಳು. ಹುಣ್ಣು ರೋಗ ಹೆಚ್ಚಾಗಿ ಕಾಣುವುದು ಜೋರು ಮಳೆಯಾದ ಮೇಲೆ ಮತ್ತು ನೀರಿನ ಉಷ್ಣತೆ 18ರಿಂದ 22 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ. ತಂಪಿನಲ್ಲಿ ಮೀನಿನ ರೋಗನಿರೋಧಕ ಶಕ್ತಿ ನಿಧಾನವಾಗುತ್ತದೆ. ಹೊಲಗಳ ಮೇಲಿಂದ ಹರಿದು ಬಂದ ಮಳೆನೀರು ಕೆರೆಯ ರಸಸಾರವನ್ನು ತಗ್ಗಿಸುತ್ತದೆ, ಮೀನಿನ ಮೈಯನ್ನು ಕಾಯುವ ಲೋಳೆ ಕೆಡುತ್ತದೆ. ಆ ಹೊತ್ತಿಗೆ ಒಂದು ಸಣ್ಣ ಗೀರು ಇದ್ದರೆ ಬೀಜಾಣು ಒಳಗೆ ಹೊಕ್ಕಂತೆಯೇ. ಹಾಸನದ ತಂಪು ಹವೆಯನ್ನು ‘ಬಡವರ ಊಟಿ’ ಎಂದು ಹೊಗಳುವವರುಂಟು. ಮೀನು ಸಾಕುವವನು ಅದೇ ತಂಪನ್ನು ಸ್ವಲ್ಪ ಅನುಮಾನದಿಂದ ನೋಡುವುದು ಒಳ್ಳೆಯದು.

ಮೂರು ಕಲ್ಲಿನ ಒಲೆ

ಅಮೆರಿಕದ ವಿಜ್ಞಾನಿ ಸ್ನೀಸ್ಕೋ 1974ರಲ್ಲಿ ಮೀನಿನ ರೋಗವನ್ನು ಮೂರು ವೃತ್ತಗಳ ಚಿತ್ರದಿಂದ ವಿವರಿಸಿದರು. ಒಂದು ಮೀನು, ಇನ್ನೊಂದು ರೋಗಾಣು, ಮೂರನೆಯದು ಪರಿಸರ. ಮೂರೂ ಒಂದರ ಮೇಲೊಂದು ಬಿದ್ದ ಜಾಗದಲ್ಲಿ ಮಾತ್ರ ರೋಗ. ನಮ್ಮ ಮನೆಗಳ ಮಾತಿನಲ್ಲಿ ಹೇಳುವುದಾದರೆ ಅದು ಮೂರು ಕಲ್ಲಿನ ಒಲೆ. ಒಂದು ಕಲ್ಲು ತೆಗೆದರೂ ಮಡಕೆ ನಿಲ್ಲದು.

ರೋಗಾಣುವನ್ನು ಕೆರೆಯಿಂದ ಪೂರ್ತಿ ಓಡಿಸುವುದು ಆಗದ ಮಾತು. ಹಕ್ಕಿ, ಹಾವು, ಕಾಲುವೆ ನೀರು, ಬಲೆ, ಯಾವುದರ ಜೊತೆಗಾದರೂ ಅದು ಬಂದೀತು. ರೈತನ ಕೈಯಲ್ಲಿರುವುದು ಉಳಿದ ಎರಡು ಕಲ್ಲುಗಳು: ಮೀನಿನ ಬಲ ಮತ್ತು ನೀರಿನ ಗುಣ. ಹೇಮಾವತಿಯಂಥ ದೊಡ್ಡ ಜಲಾಶಯದಲ್ಲಿ ಮೀನುಗಳು ವಿರಳವಾಗಿ, ನೀರು ವಿಶಾಲವಾಗಿ ಇರುವುದರಿಂದ ರೋಗ ಹಬ್ಬುವುದು ಕಷ್ಟ. ಅರ್ಧ ಎಕರೆಯ ಹೊಂಡದಲ್ಲಿ ಆಸೆಗೆ ಬಿದ್ದು ಮರಿ ಹೆಚ್ಚು ತುಂಬಿದರೆ ಅದು ಜಾತ್ರೆಯಲ್ಲಿ ಒಬ್ಬರಿಗೆ ನೆಗಡಿ ಬಂದಂತೆ. ಒಳ್ಳೆಯ ಕೊಳಕ್ಕೂ ಎಕರೆಗೆ ಸುಮಾರು ಎರಡು ಸಾವಿರ ಬೆರಳುದ್ದದ ಮರಿ ಸಾಕು.

ಸುಣ್ಣ, ಉಪ್ಪು, ಬಿಸಿಲು

ಕೊಳದ ಆರೋಗ್ಯ ಆರಂಭವಾಗುವುದು ಮರಿ ಬಿಡುವ ಮೊದಲೇ. ಬೇಸಿಗೆಯಲ್ಲಿ ಕೊಳವನ್ನು ಬತ್ತಿಸಿ, ತಳದ ಮಣ್ಣು ಬಿರುಕು ಬಿಡುವವರೆಗೆ ಒಣಗಿಸಬೇಕು. ವರ್ಷಗಳಿಂದ ಕೂತ ಕಪ್ಪು ಹೂಳನ್ನು ತೆಗೆಯಬೇಕು. ಬತ್ತಿಸಲಾಗದ ಕೆರೆಗೆ ಹಿಪ್ಪೆ ಹಿಂಡಿ ಹಾಕಿದರೆ ಮರಿಗಳನ್ನು ತಿನ್ನುವ ಬೇಡದ ಮೀನುಗಳು ಸಾಯುತ್ತವೆ, ಮುಂದೆ ಅದೇ ಹಿಂಡಿ ಗೊಬ್ಬರವಾಗುತ್ತದೆ. ಅದರ ವಿಷ ಇಳಿಯುವವರೆಗೆ ಎರಡು ಮೂರು ವಾರ ಕಾಯಬೇಕು. ನಂತರ ಸುಣ್ಣ. ಮಣ್ಣಿನ ಹುಳಿ ನೋಡಿಕೊಂಡು ಎಕರೆಗೆ 80ರಿಂದ 100 ಕಿಲೋ, ಹುಳಿ ಹೆಚ್ಚಿದ್ದರೆ ಅದಕ್ಕೂ ಹೆಚ್ಚು. ಸುಣ್ಣ ಹುಳಿಯನ್ನು ತಗ್ಗಿಸಿ ರಸಸಾರವನ್ನು ಮೀನಿಗೆ ಒಗ್ಗುವ 7.5ರಿಂದ 8.5ರ ನಡುವೆ ನಿಲ್ಲಿಸಲು ನೆರವಾಗುತ್ತದೆ, ತಳದಲ್ಲಿರುವ ರೋಗಾಣುಗಳನ್ನೂ ತಗ್ಗಿಸುತ್ತದೆ.

ಮರಿಗಳ ಚೀಲ ಬಂದೊಡನೆ ಬಾಯಿ ಬಿಚ್ಚಿ ಸುರಿಯುವುದು ದೊಡ್ಡ ತಪ್ಪು. ಚೀಲವನ್ನು ಹಾಗೆಯೇ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ತೇಲಬಿಟ್ಟು ಒಳಗಿನ ಹೊರಗಿನ ನೀರಿನ ಬಿಸಿ ಸರಿಹೊಂದಿದ ಮೇಲೆ, ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ ಮರಿ ಬಿಡಬೇಕು. ಬಿಡುವ ಮೊದಲು ಶೇಕಡಾ ಎರಡು ಮೂರರ ಉಪ್ಪು ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ತೆಗೆಯುವುದು ಅಗ್ಗದ ವಿಮೆ. ಮೈಗೆ ಅಂಟಿದ ಅನೇಕ ಪರಾವಲಂಬಿಗಳು ಅಲ್ಲೇ ಕಳಚುತ್ತವೆ.

ಒಂದು ಕೆರೆಯಲ್ಲಿ ಬೀಸಿದ ಬಲೆಯನ್ನು ಹಸಿಯಾಗಿಯೇ ಇನ್ನೊಂದು ಕೆರೆಗೆ ತಂದರೆ ರೋಗಕ್ಕೆ ಬಾಡಿಗೆಯಿಲ್ಲದ ಗಾಡಿ ಕೊಟ್ಟಂತೆ. ಬಲೆ ಚೆನ್ನಾಗಿ ಬಿಸಿಲಿಗೆ ಒಣಗಬೇಕು. ಸತ್ತ ಮೀನನ್ನು ದಡದ ಮೇಲೆ ಎಸೆಯದೆ, ದೂರದಲ್ಲಿ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಬೇಕು.

ಬೆಳಗಿನ ಜಾವದ ತಪಾಸಣೆ

ಮೀನಿನ ಆರೋಗ್ಯ ನೋಡಲು ತಕ್ಕ ಹೊತ್ತು ಸೂರ್ಯ ಹುಟ್ಟುವ ಮುಂಚೆ. ಹಗಲು ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಅದನ್ನು ಉಸಿರಾಡುತ್ತದೆ. ಹೀಗಾಗಿ ಬೆಳಗಿನ ಜಾವಕ್ಕೆ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ. ಲೀಟರ್ ನೀರಿಗೆ 5 ಮಿಲಿಗ್ರಾಂ ಇದ್ದರೆ ಮೀನು ಸುಖವಾಗಿರುತ್ತದೆ. ತೀರ ಇಳಿದರೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಆಗ ಮೇವನ್ನೂ ಸಗಣಿ ಗೊಬ್ಬರವನ್ನೂ ಕೂಡಲೇ ನಿಲ್ಲಿಸಿ, ಪಂಪಿನಿಂದ ಹೊಸ ನೀರು ಚಿಮ್ಮಿಸಬೇಕು, ಇಲ್ಲವೇ ಬಿದಿರಿನಿಂದ ನೀರನ್ನು ಬಡಿದು ಕಲಕಬೇಕು. ಮೋಡದ ದಿನಗಳಲ್ಲಿ ಪಾಚಿಗೆ ಬಿಸಿಲು ಸಿಗದಿರುವುದರಿಂದ ಮೇವು ಕಡಿಮೆ ಮಾಡುವುದು ಜಾಣತನ.

ಶಾಲೆಯ ಮಕ್ಕಳೂ ಹಿರಿಯರ ಜೊತೆಯಲ್ಲಿ ಮಾಡಬಹುದಾದ ಪರೀಕ್ಷೆಯೊಂದಿದೆ. ದಡದಲ್ಲಿ ಕೂತು ತೋಳನ್ನು ಮೊಣಕೈವರೆಗೆ ನೀರಿಗೆ ಇಳಿಸಿ ಅಂಗೈ ನೋಡಬೇಕು. ಅಂಗೈ ಮಸುಕಾಗಿ ಕಂಡರೆ ಹಸಿರು ಹದವಾಗಿದೆ. ಮಣಿಕಟ್ಟು ಮುಳುಗುವಷ್ಟರಲ್ಲೇ ಮಾಯವಾದರೆ ಪಾಚಿ ಅತಿಯಾಗಿದೆ. ತೀರ ಸ್ಪಷ್ಟವಾಗಿ ಕಂಡರೆ ಮೀನಿಗೆ ಆಹಾರ ಸಾಲದು.

ಮೀನಿನ ನಡತೆಯೇ ಅದರ ನಾಡಿ. ಗುಂಪಿನಿಂದ ಬೇರೆಯಾಗಿ ದಡದಲ್ಲಿ ಸುಮ್ಮನೆ ನಿಂತ ಮೀನು, ಕಲ್ಲಿಗೆ ಮೈ ಉಜ್ಜುವ ಮೀನು, ಮೇವಿಗೆ ಬಾರದ ಮೀನು, ಹೊಟ್ಟೆ ಊದಿ ಹುರುಪೆ ಎದ್ದುನಿಂತ ಮೀನು, ಬಾಲ ಮತ್ತು ರೆಕ್ಕೆಯ ಅಂಚು ಕೊಳೆತ ಮೀನು ಇವೆಲ್ಲ ದೂರು ಹೇಳುತ್ತಿರುವ ಮೀನುಗಳೇ.

ಮೈ ಉಜ್ಜುವ ಮೀನನ್ನು ಹಿಡಿದು ನೋಡಿದರೆ ಅನೇಕ ವೇಳೆ ಮೀನುಹೇನು ಕಾಣುತ್ತದೆ. ಬಟ್ಟಲಂತೆ ಚಪ್ಪಟೆಯಾದ, ಬರಿಗಣ್ಣಿಗೆ ಕಾಣುವ ಈ ಜೀವಿ ಮೀನಿನ ರಕ್ತ ಹೀರುತ್ತದೆ. ಇದರ ಹೆಣ್ಣು ಮೊಟ್ಟೆಯಿಡಲು ಮೀನನ್ನು ಬಿಟ್ಟು ಕಲ್ಲು, ಕಡ್ಡಿಗಳಿಗೆ ಹೋಗುತ್ತದೆ. ಆದ್ದರಿಂದ ಕೊಳದಲ್ಲಿ ಅಲ್ಲಲ್ಲಿ ಬಿದಿರು ಗಳು ಅಥವಾ ಹಲಗೆ ನೆಟ್ಟು, ಕೆಲವು ದಿನಕ್ಕೊಮ್ಮೆ ಹೊರತೆಗೆದು ಬಿಸಿಲಿಗೆ ಒಣಗಿಸಿದರೆ ಸಾಕು, ಮುಂದಿನ ಪೀಳಿಗೆ ಮೊಟ್ಟೆಯಲ್ಲೇ ಮುಗಿಯುತ್ತದೆ. ಕಾಸು ಖರ್ಚಿಲ್ಲ, ವಿಷ ಬೇಕಿಲ್ಲ.

ಮದ್ದು ಮತ್ತು ಮೈಲುತುತ್ತ

ಹುಣ್ಣು ರೋಗಕ್ಕೆ ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ‘ಸಿಫಾಕ್ಸ್’ ಎಂಬ ದ್ರಾವಣವನ್ನು ರೂಪಿಸಿತು. ಒಂದು ಹೆಕ್ಟೇರ್ ಹರವಿನ, ಒಂದು ಮೀಟರ್ ಆಳದ ನೀರಿಗೆ ಒಂದು ಲೀಟರ್ ಪ್ರಮಾಣ. ಆದರೆ ಅದು ಫಲ ಕೊಡುವುದು ಕೆಂಪು ಚುಕ್ಕೆಯ ಹಂತದಲ್ಲಿ ಗುರುತಿಸಿದಾಗ. ಆಳವಾದ ಹುಣ್ಣಿಗೆ ಮದ್ದು ಹುಡುಕುವುದಕ್ಕಿಂತ ಮಳೆಗಾಲದ ಕೊನೆಗೆ, ಚಳಿ ಇಳಿಯುವ ಮೊದಲೇ ಕೊಳಕ್ಕೆ ಸುಣ್ಣ ಹಾಕುವುದು ಮೇಲು. ಸಾಮಾನ್ಯ ಗೆಂಡೆ ಮತ್ತು ತಿಲಾಪಿಯ ಈ ರೋಗವನ್ನು ತಡೆಯಬಲ್ಲವು ಎಂಬುದೂ ನೆನಪಿರಲಿ.

ಅಡಿಕೆಯ ಕೊಳೆರೋಗದ ಮೂಲವನ್ನು ಗುರುತಿಸಿ ಬೋರ್ಡೋ ದ್ರಾವಣ ಸಿಂಪಡಿಸಲು ಹೇಳಿಕೊಟ್ಟವರು ಮೈಸೂರು ಸಂಸ್ಥಾನದ ವಿಜ್ಞಾನಿ, ಕೆನಡಾದ ಲೆಸ್ಲಿ ಕೋಲ್ಮನ್. ಅವರ ವರದಿ ಬಂದದ್ದು 1910ರಲ್ಲಿ. ಆ ದ್ರಾವಣದಲ್ಲಿ ಇರುವುದು ಮೈಲುತುತ್ತ ಮತ್ತು ಸುಣ್ಣ. ತೋಟಕ್ಕೆ ಎರಡೂ ಬೇಕು. ಕೆರೆಗೆ ಸುಣ್ಣ ಮಾತ್ರ. ಮೈಲುತುತ್ತದ ತಾಮ್ರ ಮೀನಿಗೆ ವಿಷ. ಕೆರೆಯ ಮೀನು ಒಮ್ಮೆಲೇ ಸತ್ತು ತೇಲಿದಾಗ ಅದು ರೋಗವೇ ಆಗಿರಬೇಕಿಲ್ಲ. ಆಲೂಗೆಡ್ಡೆಗೋ ಶುಂಠಿಗೋ ಔಷಧ ಹೊಡೆದ ಸಿಂಪಡಣೆ ಯಂತ್ರವನ್ನು ಯಾರಾದರೂ ಕೆರೆಯಲ್ಲಿ ತೊಳೆದಿರಬಹುದು. ಒಬ್ಬನ ಹೊಲದ ಮದ್ದು ಇನ್ನೊಬ್ಬನ ಕೊಳದ ಮೃತ್ಯುವಾಗಬಾರದು. ಹಾಗೆಯೇ ತಜ್ಞರನ್ನು ಕೇಳದೆ ಮೀನಿಗೆ ಪ್ರತಿಜೀವಕ ಔಷಧ ಹಾಕುವ ಅಭ್ಯಾಸವೂ ಅಪಾಯ. ಅದರ ಶೇಷ ತಿನ್ನುವವರ ತಟ್ಟೆಗೆ ಬರುತ್ತದೆ, ರೋಗಾಣುಗಳು ಮದ್ದಿಗೆ ಬಗ್ಗದಂತಾಗುತ್ತವೆ.

ಓದುವ ಮಕ್ಕಳಿಗೆ

ಮೀನಿನ ವೈದ್ಯವನ್ನೇ ಓದಿನ ವಿಷಯವಾಗಿ ಆರಿಸಿಕೊಳ್ಳಬಹುದು ಎಂಬುದು ಅನೇಕ ತಂದೆತಾಯಿಗಳಿಗೆ ತಿಳಿದಿಲ್ಲ. ದೇಶದ ಮೊದಲ ಮೀನುಗಾರಿಕೆ ಕಾಲೇಜು ಮಂಗಳೂರಿನಲ್ಲಿ 1969ರಲ್ಲಿ ಆರಂಭವಾಯಿತು. ಈಗ ಅದು ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಪಿಯುಸಿ ವಿಜ್ಞಾನ ಓದಿದವರು ಸಿಇಟಿಯ ಮೂಲಕ ನಾಲ್ಕು ವರ್ಷದ ಬಿ.ಎಫ್‌ಎಸ್‌ಸಿ. ಪದವಿಗೆ ಸೇರಬಹುದು. ದೇಶದಲ್ಲಿ ಜಲಚರಗಳ ರೋಗಗಳ ಮೇಲೆ ಕಣ್ಣಿಡುವ ರಾಷ್ಟ್ರೀಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ರೈತ ತನ್ನ ಕೊಳದ ರೋಗವನ್ನು ಫೋನಿನಿಂದಲೇ ವರದಿ ಮಾಡುವ ಆ್ಯಪ್ 2023ರಲ್ಲಿ ಬಂತು. ಮನೆಯಲ್ಲಿ ಹೊಂಡವಿದ್ದು, ಕೈಯಲ್ಲಿ ಫೋನ್ ಹಿಡಿದ ಮಕ್ಕಳಿದ್ದರೆ ತಾಲ್ಲೂಕು ಮೀನುಗಾರಿಕೆ ಇಲಾಖೆಗೂ ರೈತನಿಗೂ ನಡುವೆ ಅವರೇ ಸೇತುವೆಯಾಗಬಲ್ಲರು.

ಹೋಗುವವರಿಗೆ

ಗೊರೂರು ಹಾಸನದಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಅಣೆಕಟ್ಟೆ, ಯೋಗಾನರಸಿಂಹ ದೇವಾಲಯ, ಹತ್ತಿರದ ಶೆಟ್ಟಿಹಳ್ಳಿ, ಎಲ್ಲವನ್ನೂ ಒಂದು ದಿನದಲ್ಲಿ ನೋಡಬಹುದು. ಇಗರ್ಜಿ ನೀರಿನಲ್ಲಿ ನಿಂತದ್ದು ಕಾಣಬೇಕಾದರೆ ಮಳೆಗಾಲ, ಒಳಗೆ ನಡೆದಾಡಬೇಕಾದರೆ ಬೇಸಿಗೆ. ಹಳೆಯ ಗೋಡೆಗಳಿಗೂ ಹಿನ್ನೀರಿನ ಕೆಸರಿಗೂ ಮಕ್ಕಳನ್ನು ಹತ್ತಿರ ಬಿಡಬಾರದು.

ಸಮಯವಿದ್ದವರು ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೂ ಹೋಗಿಬರಬಹುದು. ಅಲ್ಲಿ ಕಾವೇರಿಯ ವಹ್ನಿ ಪುಷ್ಕರಣಿಯ ಬಳಿ ದೊಡ್ಡ ದೊಡ್ಡ ಮಹಶೀರ್ ಮೀನುಗಳು ದೇವರ ಮೀನುಗಳೆಂದು ರಕ್ಷಣೆ ಪಡೆದಿವೆ. ಭಕ್ತರು ಹಾಕುವ ಪುರಿಗೆ ಅವು ಮೆಟ್ಟಿಲ ಬಳಿಗೇ ಬರುತ್ತವೆ. ಹರಿಯುವ ತಿಳಿನೀರಿನಲ್ಲಿ ಆರೋಗ್ಯವಂತ ಮೀನು ಹೇಗಿರುತ್ತದೆ, ಮೈಯ ಹೊಳಪು ಹೇಗೆ, ರೆಕ್ಕೆ ಹೇಗೆ ಬಿಚ್ಚುತ್ತದೆ, ಮೇವಿಗೆ ಹೇಗೆ ಮುಗಿಬೀಳುತ್ತದೆ ಎಂಬುದನ್ನು ಮಕ್ಕಳು ಒಮ್ಮೆ ಕಣ್ಣಾರೆ ನೋಡಿಕೊಂಡರೆ ಸಾಕು. ತಮ್ಮೂರ ಕೆರೆಯಲ್ಲಿ ಕಾಯಿಲೆಯ ಮೀನು ದಡಕ್ಕೆ ಬಂದಾಗ ಅದರ ವ್ಯತ್ಯಾಸ ಅವರಿಗೆ ತಾನಾಗಿಯೇ ತಿಳಿಯುತ್ತದೆ.